ನೋಟಿಸ್ ಬಂದ್ರೆ ಕೇಳೋದು ಯಾರನ್ನ? ಕಾಯ್ದೆಯಲ್ಲಿ ಸ್ವಯಂಸೇವಕ ಇದ್ದಾನೆ, ಜಯನಗರ-ಬಿಟಿಎಂನಲ್ಲಿ ಹುಡುಕಬೇಕು

ಬೆಂಗಳೂರು: 2025ರ ಜುಲೈನಲ್ಲಿ ನಗರದ ಸಣ್ಣ ಅಂಗಡಿಗಳ ಮುಂದೆ ಇದ್ದಕ್ಕಿದ್ದಂತೆ ಒಂದು ಬೋರ್ಡು ಕಾಣಿಸಿಕೊಂಡಿತು. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’. ವರ್ಷಗಟ್ಟಲೆ ಕ್ಯುಆರ್ ಕೋಡ್ ಅಂಟಿಸಿಕೊಂಡು ವ್ಯಾಪಾರ ಮಾಡಿದ್ದ ಕಾಂಡಿಮೆಂಟ್ಸ್, ಬೇಕರಿ, ಟೀ ಅಂಗಡಿಯವರು ಅದನ್ನ ಕಿತ್ತು ಒಳಗಿಟ್ಟರು. ಕಾರಣ ಅಂಗಡಿ ಇಟ್ಟವರಿಗೆಲ್ಲ ಗೊತ್ತಿರೋದೇ. ಜಿಎಸ್‌ಟಿ ನೋಂದಣಿ ಇಲ್ಲದ ಸಾವಿರಾರು ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ, ಹಿಂದಿನ ವರ್ಷಗಳ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ನೋಟಿಸ್ ಕಳಿಸಿತ್ತು. ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿ ರಾಜ್ಯದ ತುಂಬ ಓಡಾಡಿತು. ಆ ಸುದ್ದಿ ಓದಿದ ಮೇಲೆ ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು ಮಾರೋರಿಂದ ಹಿಡಿದು ಮಡಿವಾಳದ ಹಣ್ಣಿನ ಅಂಗಡಿಯವರ ತನಕ ಎಲ್ಲರ ಎದೆಯಲ್ಲೂ ಒಂದೇ ಪ್ರಶ್ನೆ. ನಮಗೂ ಬಂದ್ರೆ?

ಜುಲೈ 25ಕ್ಕೆ ಅಂಗಡಿ ಬಂದ್ ಮಾಡ್ತೀವಿ ಅಂತ ವ್ಯಾಪಾರಿಗಳು ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಭರವಸೆ ಕೊಟ್ಟ ಮೇಲೆ ಬಂದ್ ಕೈಬಿಡಲಾಯಿತು. ಇಲಾಖೆಯೂ ‘ಜಿಎಸ್‌ಟಿ ತಿಳಿಯಿರಿ’ ಅನ್ನೋ ಹೆಸರಲ್ಲಿ ಅರಿವು ಮೂಡಿಸೋ ಕಾರ್ಯಕ್ರಮ ನಡೆಸಿತು. ಅಲ್ಲಿಗೆ ಸುದ್ದಿ ಮುಗೀತು. ಬೋರ್ಡುಗಳು ಹೋದವು, ಕ್ಯುಆರ್ ಕೋಡ್ ಮತ್ತೆ ಗಲ್ಲದ ಪಕ್ಕಕ್ಕೆ ಬಂತು.

ಆದ್ರೆ ಆ ಎರಡು ಮೂರು ವಾರದಲ್ಲಿ ಒಂದು ವಿಷಯ ಬಯಲಾಯಿತು, ಅದರ ಬಗ್ಗೆ ಮಾತಾಡಿದವರು ಕಡಿಮೆ. ಒಂದು ಸರ್ಕಾರಿ ಕಾಗದ ಕೈಗೆ ಬಂದಾಗ ಅದನ್ನ ಓದಿ, ‘ಇದರಲ್ಲಿ ಇಷ್ಟೇ ಇರೋದು ಕಣ್ರೀ, ಇಷ್ಟು ದಿನದೊಳಗೆ ಹೀಗೆ ಉತ್ತರ ಕೊಡಿ’ ಅಂತ ದುಡ್ಡು ಕೇಳದೆ ಹೇಳೋ ಮನುಷ್ಯ ಈ ಬಡಾವಣೆಗಳಲ್ಲಿ ಸಿಗೋದು ಕಷ್ಟ.

ಹತ್ತು ನಿಮಿಷದ ಕೆಲಸ

ಅವತ್ತು ಅಂಗಡಿಯವರಿಗೆ ಬೇಕಿದ್ದದ್ದು ದೊಡ್ಡ ವಕೀಲರೇನೂ ಅಲ್ಲ. ನಾಲ್ಕು ಸಂಗತಿ ಗೊತ್ತಿರೋ ಒಬ್ಬ ಮನುಷ್ಯ ಸಾಕಿತ್ತು.

ಮೊದಲನೆಯದು, ಕಾರಣ ಕೇಳಿ ಕೊಡೋ ನೋಟಿಸೇ ಬೇರೆ, ತೆರಿಗೆ ಕಟ್ಟಿ ಅನ್ನೋ ಅಂತಿಮ ಆದೇಶವೇ ಬೇರೆ. ನೋಟಿಸಿಗೆ ಉತ್ತರ ಕೊಡೋ ಹಕ್ಕಿದೆ, ಅದಕ್ಕೊಂದು ಗಡುವೂ ಇರುತ್ತೆ. ಹೆದರಿಕೊಂಡು ಡ್ರಾಯರ್‌ನಲ್ಲಿ ಬಚ್ಚಿಟ್ಟರೆ ಮಾತ್ರ ಕೆಲಸ ಕೆಡೋದು. ಎರಡನೆಯದು, ಬರೀ ಸರಕು ಮಾರೋರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ. ದರ್ಶಿನಿ, ಹೋಟೆಲ್ ನಡೆಸೋರು ‘ನಾವೂ ಮಾರೋರೇ ತಾನೆ’ ಅಂದುಕೊಂಡು 40 ಲಕ್ಷದ ಲೆಕ್ಕದಲ್ಲಿರ್ತಾರೆ. ಕಾಯ್ದೆ ಕಣ್ಣಿಗೆ ಅವರು ಸೇವೆ ಕೊಡೋರು, ಅವರ ಮಿತಿ 20 ಲಕ್ಷ. ಮೂರನೆಯದು, ತಾಜಾ ತರಕಾರಿ, ಹಣ್ಣಿಗೆ ಜಿಎಸ್‌ಟಿ ಇಲ್ಲ. ಅದನ್ನಷ್ಟೇ ಮಾರೋರು ಎಷ್ಟೇ ಮಾರಲಿ, ನೋಂದಣಿ ಬೇಕಿಲ್ಲ. ಆದ್ರೆ ತರಕಾರಿ ಜೊತೆಗೆ ಬಿಸ್ಕತ್ತು, ಸೋಪು, ಸಿಗರೇಟೂ ಇಟ್ಟಿದ್ರೆ ಲೆಕ್ಕ ಬದಲಾಗುತ್ತೆ, ಮಿತಿ ನೋಡುವಾಗ ತರಕಾರಿ ವ್ಯಾಪಾರವೂ ಸೇರುತ್ತೆ. ನಾಲ್ಕನೆಯದು, ಅಕೌಂಟಿಗೆ ಬಂದ ದುಡ್ಡೆಲ್ಲ ವ್ಯಾಪಾರವಲ್ಲ. ತಮ್ಮ ಕಳಿಸಿದ ಸಾಲ, ಚೀಟಿ ದುಡ್ಡು, ಮನೆ ಬಾಡಿಗೆ ಎಲ್ಲ ಅದೇ ಕ್ಯುಆರ್‌ಗೆ ಬಂದಿರುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಗುರುತು ಹಾಕಿ ತೋರಿಸಬೇಕು.

ಇದರ ಮೇಲೆ ಇನ್ನೊಂದು ಮಾತು ಹೇಳೋರು ಬೇಕಿತ್ತು. ವರ್ಷಕ್ಕೆ ಒಂದೂವರೆ ಕೋಟಿ ತನಕ ವಹಿವಾಟಿರೋ ಸಣ್ಣ ವ್ಯಾಪಾರಿ ರಾಜಿ ತೆರಿಗೆ ಪದ್ಧತಿಗೆ ಸೇರಬಹುದು, ಅದೇ ಎಲ್ಲರೂ ಕಾಂಪೋಸಿಷನ್ ಸ್ಕೀಮ್ ಅನ್ನೋದು. ಅಂಗಡಿಯವರಿಗೆ ನೂರಕ್ಕೆ ಒಂದು ರೂಪಾಯಿ, ಹೋಟೆಲ್‌ನವರಿಗೆ ಐದು. ಗಿರಾಕಿಯಿಂದ ಆ ತೆರಿಗೆ ಬೇರೆ ವಸೂಲಿ ಮಾಡೋ ಹಾಗಿಲ್ಲ. ಇದು ಒಳ್ಳೇದೋ ಕೆಟ್ಟದ್ದೋ ಅವರವರ ಲಾಭದ ಲೆಕ್ಕಕ್ಕೆ ಬಿಟ್ಟದ್ದು. ಆದ್ರೆ ಹೀಗೊಂದು ದಾರಿ ಇದೆ ಅಂತ ಗೊತ್ತಾಗಬೇಕಲ್ಲ?

ಇಷ್ಟನ್ನ ಹೇಳೋಕೆ ಹತ್ತು ನಿಮಿಷ ಸಾಕು. ಅದು ಸಿಗದೇ ಹೋದಾಗ ಜಾಗ ತುಂಬಿದ್ದು ವಾಟ್ಸಾಪ್ ಫಾರ್ವರ್ಡು, ಪಕ್ಕದ ಅಂಗಡಿಯವರ ಊಹೆ, ಆಮೇಲೆ ‘ನಾನು ಒಳಗೆ ಮಾತಾಡಿ ಸರಿ ಮಾಡಿಸ್ತೀನಿ ಬಿಡಿ’ ಅನ್ನೋ ಏಜೆಂಟು. ಪುಕ್ಕಟೆ ಸಲಹೆ ಕೊಡೋರು ಇಲ್ಲದ ಕಡೆ ಜಾಗ ಖಾಲಿ ಉಳಿಯಲ್ಲ. ದುಡ್ಡು ತಗೊಂಡು ಹೇಳೋರು, ಕೆಲವು ಸಲ ತಪ್ಪು ಹೇಳೋರು ಬಂದು ಕೂತ್ಕೋತಾರೆ.

ಜೆರಾಕ್ಸ್ ಅಂಗಡಿಯೇ ಸಲಹಾ ಕೇಂದ್ರ

ಈಗ ಸಲಹೆ ಕೊಡೋರು ಯಾರೂ ಇಲ್ಲ ಅಂತಲ್ಲ. ಬನಶಂಕರಿ, ಜೆ.ಪಿ. ನಗರದ ಯಾವುದೇ ಜೆರಾಕ್ಸ್-ಸೈಬರ್ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಗೊತ್ತಾಗುತ್ತೆ. ಗೃಹಲಕ್ಷ್ಮಿ ದುಡ್ಡು ಎರಡು ತಿಂಗಳಿಂದ ಬಂದಿಲ್ಲ ಯಾಕೆ, ರೇಷನ್ ಕಾರ್ಡಿನಲ್ಲಿ ಸೊಸೆ ಹೆಸರು ಸೇರಿಸೋದು ಹೇಗೆ, ಇ-ಖಾತಾ ಅರ್ಜಿ ವಾಪಸ್ ಬಂತಲ್ಲ ಏನ್ ಮಾಡೋದು, ಎಲ್ಲ ಪ್ರಶ್ನೆಯೂ ಬರೋದು ಅಲ್ಲಿಗೇ. ಮೆಡಿಕಲ್ ಸ್ಟೋರಿನವರನ್ನ ಕಾಯಿಲೆ ಬಗ್ಗೆ ಕೇಳೋ ಹಾಗೆ ಜೆರಾಕ್ಸ್ ಅಂಗಡಿಯವರನ್ನ ಸರ್ಕಾರದ ಬಗ್ಗೆ ಕೇಳ್ತಾರೆ ಜನ. ಅವರೂ ಪಾಪ ತಿಳಿದಷ್ಟು ಹೇಳ್ತಾರೆ. ಆದ್ರೆ ಅವರ ಹೊಟ್ಟೆಪಾಡು ಪೇಜಿಗಿಷ್ಟು ಅನ್ನೋ ಪ್ರಿಂಟಿನ ಮೇಲೆ ನಿಂತಿದೆ. ಹಿಂದೆ ಐದು ಜನ ಕಾಯ್ತಿರುವಾಗ ಒಬ್ಬರ ಕಷ್ಟ ಪೂರ್ತಿ ಕೇಳೋಕೆ ಅವರಿಗೆ ಪುರುಸೊತ್ತೆಲ್ಲಿ?

ಮೊದಲು ಇನ್ನೊಂದು ಬಾಗಿಲಿತ್ತು, ವಾರ್ಡಿನ ಕಾರ್ಪೊರೇಟರ್ ಆಫೀಸು. ಬೈಯೋಕಾದ್ರೂ ಒಬ್ಬರು ಇದ್ದರು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಚುನಾವಣೆ ಇಲ್ಲದೆ ವರ್ಷಗಳೇ ಉರುಳಿದವು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆ. ಯಾವ ಕಚೇರಿ ಎಲ್ಲಿ, ಯಾವ ಅರ್ಜಿ ಯಾರಿಗೆ ಅನ್ನೋದೇ ಹೊಸ ಗೊಂದಲ. ಇದರ ಮಧ್ಯೆ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಟ್ಟಿದ್ದಾರೆ. ಬೆಂಗಳೂರು ದಕ್ಷಿಣ ತಾಲ್ಲೂಕು ಬೇರೆ, ಅದು ಇರೋದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಬೆಂಗಳೂರು ದಕ್ಷಿಣ ಪಾಲಿಕೆ ಇನ್ನೂ ಬೇರೆ. ಮೂರಕ್ಕೂ ಒಂದೇ ಹೆಸರಿಟ್ಟವರು ಆ ಹೆಸರಿನ ಕಚೇರಿ ಹುಡುಕಿಕೊಂಡು ಒಂದು ಸಲ ಬಸ್ಸಿನಲ್ಲಿ ಓಡಾಡಿ ನೋಡಬೇಕು.

ಪಿಎಲ್‌ವಿ ಅಂದ್ರೆ ಯಾರು?

ಹಾಗಾದ್ರೆ ಸರ್ಕಾರ, ಕೋರ್ಟು ಇದರ ಬಗ್ಗೆ ಯೋಚನೆ ಮಾಡೇ ಇಲ್ವಾ? ಮಾಡಿವೆ, ಚೆನ್ನಾಗಿಯೇ ಮಾಡಿವೆ. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಅಂತ 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಅದರ ಮೇಲೆ 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಆಯಿತು, ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಇವತ್ತು ರಾಷ್ಟ್ರ, ರಾಜ್ಯ, ಜಿಲ್ಲೆ, ತಾಲ್ಲೂಕು ಹೀಗೆ ನಾಲ್ಕು ಹಂತದಲ್ಲಿ ಕಾನೂನು ಸೇವಾ ಸಂಸ್ಥೆಗಳಿವೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇರೋದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ. ಜಯನಗರದಿಂದ ದೂರವೇನಲ್ಲ, ಲಾಲ್‌ಬಾಗ್ ದಾಟಿದರೆ ಸಿಗುತ್ತೆ.

ವಕೀಲರು, ನ್ಯಾಯಾಧೀಶರು ಇದ್ದರೂ ಜನ ಕೋರ್ಟಿನ ಮೆಟ್ಟಿಲು ಹತ್ತೋಕೆ ಹೆದರ್ತಾರೆ ಅಂತ ಗೊತ್ತಾಗಿ 2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಒಂದು ಯೋಜನೆ ತಂತು. ಅದೇ ಅರೆ ಕಾನೂನು ಸ್ವಯಂಸೇವಕರು, ಕಚೇರಿ ಭಾಷೆಯಲ್ಲಿ ಪಿಎಲ್‌ವಿ. 2013ರಲ್ಲಿ ಅದನ್ನ ತಿದ್ದಿ ಗಟ್ಟಿ ಮಾಡಿದರು. ಜನರಿಗೂ ಕಾನೂನು ಸೇವಾ ಸಂಸ್ಥೆಗೂ ಮಧ್ಯೆ ಸೇತುವೆ ಆಗೋದು ಇವರ ಕೆಲಸ.

ಇದಕ್ಕೆ ಲಾಯರ್ ಆಗಿರಬೇಕಿಲ್ಲ, ಡಿಗ್ರಿಯೂ ಬೇಕಿಲ್ಲ. ಎಸ್‌ಎಸ್‌ಎಲ್‌ಸಿ ಓದಿದ್ದರೆ ಒಳ್ಳೇದು ಅಂತಷ್ಟೇ ಯೋಜನೆ ಹೇಳುತ್ತೆ. ನಿವೃತ್ತ ಶಿಕ್ಷಕರು, ನಿವೃತ್ತ ಸರ್ಕಾರಿ ನೌಕರರು, ಹಿರಿಯ ನಾಗರಿಕರು, ಸಮಾಜಕಾರ್ಯ ಓದೋ ವಿದ್ಯಾರ್ಥಿಗಳು, ಅಂಗನವಾಡಿ ಕಾರ್ಯಕರ್ತೆಯರು, ವಕೀಲರಾಗಿ ನೋಂದಣಿ ಆಗುವ ತನಕ ಕಾನೂನು ವಿದ್ಯಾರ್ಥಿಗಳು, ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರು, ಎಲ್ಲರೂ ಆಗಬಹುದು. ದೀರ್ಘ ಶಿಕ್ಷೆ ಅನುಭವಿಸುತ್ತಿರೋ ಓದಿದ ಕೈದಿಗಳನ್ನೂ ಜೈಲಿನೊಳಗೆ ಪಿಎಲ್‌ವಿ ಮಾಡಬಹುದು ಅಂತ ಯೋಜನೆಯಲ್ಲಿದೆ. ರಾಜಕೀಯ ಪಕ್ಷದಲ್ಲಿ ಸಕ್ರಿಯವಾಗಿ ಓಡಾಡೋರಿಗೆ ಮಾತ್ರ ಜಾಗ ಇಲ್ಲ. ನಮ್ಮ ಬಡಾವಣೆಗಳಲ್ಲಿ ‘ಸಮಾಜ ಸೇವಕರು’ ಅಂತ ಫ್ಲೆಕ್ಸ್ ಹಾಕಿಸಿಕೊಂಡವರಲ್ಲಿ ಎಷ್ಟು ಜನ ಈ ಒಂದು ಷರತ್ತಿಗೆ ಉಳೀತಾರೋ ನೋಡಬೇಕು.

ಆಯ್ಕೆ ಆದ ಮೇಲೆ ತರಬೇತಿ, ಗುರುತಿನ ಚೀಟಿ. ಆಮೇಲೆ ಕಾನೂನು ಸೇವಾ ಕ್ಲಿನಿಕ್‌ನಲ್ಲಿ ಕೂರೋದು, ಅರ್ಜಿ ಬರೆದುಕೊಡೋದು, ಜೈಲಿಗೆ ಭೇಟಿ, ಲೋಕ ಅದಾಲತ್ ಬಗ್ಗೆ ಹೇಳೋದು. ಮಕ್ಕಳು ಕಾಣೆಯಾದ ಪ್ರಕರಣಗಳಿಗೆ ಪೊಲೀಸ್ ಠಾಣೆಯಲ್ಲೂ ಪಿಎಲ್‌ವಿ ಇರಬೇಕು ಅಂತ 2013ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಇವರು ಕೋರ್ಟಿನಲ್ಲಿ ವಾದ ಮಾಡೋ ಹಾಗಿಲ್ಲ, ಸಲಹೆ ಕೇಳೋಕೆ ಬಂದವರಿಂದ ಒಂದು ರೂಪಾಯಿಯನ್ನೂ ಮುಟ್ಟೋ ಹಾಗಿಲ್ಲ.

ಕಾಗದದ ಮೇಲೆ ಇಷ್ಟು ಒಳ್ಳೆ ಯೋಜನೆ ಇದೆ. ಆದ್ರೂ ಜಯನಗರ 9ನೇ ಬ್ಲಾಕಿನಲ್ಲೋ ಬಿಟಿಎಂ 2ನೇ ಹಂತದಲ್ಲೋ ನಿಂತು ‘ಇಲ್ಲಿ ಪಿಎಲ್‌ವಿ ಎಲ್ಲಿ ಸಿಗ್ತಾರೆ’ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ‘ಅದೇನ್ರೀ ಅದು’ ಅಂತಲೇ ಅಂದಾರು.

ಯಾಕೆ ಹೀಗೆ?

ಒಂದು ಕಾರಣ ಯೋಜನೆಯ ಹುಟ್ಟಿನಲ್ಲೇ ಇದೆ. 2011ರ ಕಾನೂನು ಸೇವಾ ಕ್ಲಿನಿಕ್ ನಿಯಮಗಳು ಮುಖ್ಯವಾಗಿ ಹಳ್ಳಿಯನ್ನ ಕಣ್ಣಲ್ಲಿಟ್ಟುಕೊಂಡು ಬಂದವು. ಪ್ರತಿ ಹಳ್ಳಿಗೆ, ಇಲ್ಲವೇ ಕೆಲವು ಹಳ್ಳಿ ಸೇರಿಸಿ ಒಂದು ಕ್ಲಿನಿಕ್. ಅದು ನ್ಯಾಯವೇ, ಹಳ್ಳಿಯವರಿಗೆ ಕೋರ್ಟು ದೂರ. ಆದ್ರೆ ನಗರದ ಬಡಾವಣೆಗೆ ಅಂಥ ಸ್ಪಷ್ಟ ಜಾಗ ಸಿಗಲಿಲ್ಲ. ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ ಕಟ್ಟಡ ಇದೆ, ಅಲ್ಲೊಂದು ಮೇಜು ಹಾಕಬಹುದು. ಬಿಟಿಎಂ ಲೇಔಟಿನಲ್ಲಿ ಎಲ್ಲಿ ಹಾಕ್ತೀರಿ?

ಇನ್ನೊಂದು, ಜಯನಗರ ಅಂದ್ರೆ ಓದಿದವರ ಊರು, ಇವರಿಗ್ಯಾಕೆ ಸಲಹೆ ಅನ್ನೋ ಭಾವನೆ. ಮರದ ನೆರಳು, ಅಗಲ ರಸ್ತೆ, ಕಾಂಪೌಂಡು ನೋಡಿ ಲೆಕ್ಕ ಹಾಕ್ತಾರೆ. ಕಾಂಪೌಂಡ್ ಒಳಗೆ ಒಬ್ಬರೇ ಇರೋ ಎಪ್ಪತ್ತೈದು ವರ್ಷದವರು, ಅವರ ಮನೆ ಕೆಲಸಕ್ಕೆ ಬರೋ ಹೆಂಗಸು, ಗೇಟಿನ ಮುಂದೆ ಹೂವು ಮಾರೋರು ಈ ಲೆಕ್ಕಕ್ಕೆ ಬರಲ್ಲ.

ಹಿರಿಯರದ್ದೇ ನೋಡಿ. ಇಲ್ಲಿ ಮೂವತ್ತು-ನಲವತ್ತು ವರ್ಷ ಹಿಂದೆ ಸೈಟು ತಗೊಂಡು ಮನೆ ಕಟ್ಟಿದವರಿಗೆ ಇವತ್ತು ಆ ಮನೆಯೇ ದೊಡ್ಡ ಆಸ್ತಿ, ದೊಡ್ಡ ತಲೆನೋವು. ಮಗ ‘ಗಿಫ್ಟ್ ಡೀಡ್ ಮಾಡಿಕೊಡಿ, ಲೋನ್ ತಗೋಬೇಕು’ ಅಂತಾನೆ. ಮಾಡಿಕೊಡ್ತಾರೆ. ಆಮೇಲೆ ನೋಡಿಕೊಳ್ಳದೇ ಹೋದರೆ? 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ಅಡಿ ಆ ಪತ್ರ ರದ್ದು ಮಾಡಿಸಿ ಅಂತ ಕೇಳಬಹುದು. ಆದ್ರೆ ಆ ಸೆಕ್ಷನ್ ‘ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ’ ಕೊಟ್ಟ ಆಸ್ತಿಯ ಬಗ್ಗೆ ಮಾತಾಡುತ್ತೆ. ಪತ್ರದಲ್ಲಿ ಆ ಷರತ್ತು ಬರೆದಿದ್ದಾರಾ ಇಲ್ವಾ ಅನ್ನೋದರ ಮೇಲೇ ಸುಪ್ರೀಂ ಕೋರ್ಟ್ ತನಕ ಜಗಳ ಹೋಗಿದೆ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋ ಹಿಂದಿನ ದಿನ ಯಾರಾದ್ರೂ ‘ಅಜ್ಜಿ, ಆ ಒಂದು ಸಾಲು ಬರೆಸಿ’ ಅಂತ ಹೇಳಿದ್ದರೆ ಮುಗೀತಿತ್ತು. ಈ ಕೇಸು ನಡೆಯೋದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ, ಕೋರ್ಟಿನಲ್ಲಲ್ಲ. ಅರ್ಜಿಯನ್ನ ಹಿರಿಯರೇ ಕೊಡಬಹುದು, ಆಗದಿದ್ದರೆ ಅವರು ಹೇಳಿದವರು ಅಥವಾ ಸ್ವಯಂಸೇವಾ ಸಂಸ್ಥೆಯೂ ಅವರ ಪರವಾಗಿ ಕೊಡಬಹುದು.

ಹಿರಿಯರ ವಿಷಯದಲ್ಲಿ ಬೆಂಗಳೂರು ಒಂದು ದಾರಿ ತೋರಿಸಿದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರ ಜೊತೆ ಸೇರಿ 2002ರಲ್ಲಿ 1090 ಸಹಾಯವಾಣಿ ಶುರು ಮಾಡಿತು. ಒಂದು ಟ್ರಸ್ಟು, ಒಂದು ಇಲಾಖೆ, ಒಂದು ಫೋನು. ಕೇಳೋ ಕಿವಿ ಇದೆ ಅಂತ ಗೊತ್ತಾದ್ರೆ ಜನ ಮಾತಾಡ್ತಾರೆ.

ಬೀದಿ ವ್ಯಾಪಾರಿಗಳ ಕಥೆ ಇನ್ನೂ ಕಠಿಣ. 2023ರ ಕೊನೆಯಲ್ಲಿ ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸ್ ಸುತ್ತ ಪಾಲಿಕೆ ತೆರವು ನಡೆಸಿದ್ದು ಇಲ್ಲಿಯವರಿಗೆ ನೆನಪಿರಬಹುದು. ಪಾದಚಾರಿಗಳಿಗೆ ಫುಟ್‌ಪಾತ್ ಬೇಕು, ಬಾಡಿಗೆ ಕಟ್ಟಿ ಅಂಗಡಿ ಇಟ್ಟವರಿಗೆ ತಮ್ಮ ಬಾಗಿಲು ಕಾಣಬೇಕು, ಅದು ಸುಳ್ಳಲ್ಲ. ಈ ಜಗಳದಲ್ಲಿ ಯಾರು ಸರಿ ಅನ್ನೋದನ್ನ ಪಕ್ಕಕ್ಕಿಡೋಣ. ಕಾಯ್ದೆ ಏನು ಹೇಳುತ್ತೆ ಅನ್ನೋದಂತೂ ಎರಡೂ ಕಡೆಯವರಿಗೆ ಗೊತ್ತಿರಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಜಾಗ ಬಿಡಿಸೋ ಮೊದಲು 30 ದಿನದ ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಮಾಡಿ ಸಹಿ ಹಾಕಿದ ಪ್ರತಿ ವ್ಯಾಪಾರಿ ಕೈಗೆ ಕೊಡಬೇಕು. ಕೆಡೋ ಪದಾರ್ಥ, ಅಂದ್ರೆ ಹೂವು ಹಣ್ಣು, ಕೇಳಿದ ದಿನವೇ ವಾಪಸ್ ಕೊಡಬೇಕು, ಕೆಡದೇ ಇರೋದನ್ನ ಎರಡು ಕೆಲಸದ ದಿನದೊಳಗೆ. ಹೂವಿನ ಬುಟ್ಟಿ ಲಾರಿಗೆ ಹೋದಾಗ ‘ಪಟ್ಟಿ ಕೊಡಿ ಸ್ವಾಮಿ’ ಅಂತ ಕೇಳಬೇಕು ಅನ್ನೋದು ಗೊತ್ತಿದ್ದರೆ, ಬಡ್ಡಿ ಸಾಲ ಮಾಡಿ ತಂದ ಮಾಲು ಸಂಜೆಗೆ ವಾಪಸ್ ಬರೋ ಸಾಧ್ಯತೆ ಇರುತ್ತೆ. ಗೊತ್ತಿಲ್ಲದಿದ್ದರೆ ಅವತ್ತಿನ ದುಡಿಮೆ ಹೋಯಿತು, ಸಾಲ ಉಳೀತು.

ಬಿಟಿಎಂ ಕಡೆಗೆ ಬಂದರೆ ಪಿಜಿ, ಬಾಡಿಗೆ ಮನೆ ಅಡ್ವಾನ್ಸ್ ತಕರಾರು. ಪಿಜಿ ಬಿಡುವಾಗ ಅಡ್ವಾನ್ಸ್‌ನಲ್ಲಿ ಇದಕ್ಕಿಷ್ಟು ಅದಕ್ಕಿಷ್ಟು ಅಂತ ಮುರಿದುಕೊಳ್ಳೋದು ಹೊಸದೇನಲ್ಲ. ಊಟ-ವಸತಿ ಸೇವೆ ಸರಿ ಇಲ್ಲ ಅಂತ ದೂರು ಕೊಡೋಕೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ. ಬರೀ ಮನೆ ಮಾಲೀಕ-ಬಾಡಿಗೆದಾರ ಜಗಳ ಆದರೆ ಅದರ ದಾರಿ ಬೇರೆ, ಕೇಸು ಹಾಕೋ ಮೊದಲೇ ಲೋಕ ಅದಾಲತ್ ಮುಂದೆ ಇಟ್ಟು ರಾಜಿ ಮಾಡಿಕೊಳ್ಳೋ ಅವಕಾಶ ಇದೆ. ರಾಜಿ ಆದ್ರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟು ಬಂದಿರೋ ಊರಲ್ಲಿ ಇದು ಚಿಕ್ಕ ವಿಷಯವಲ್ಲ. ಮಾಲೀಕರಿಗೂ ಅಷ್ಟೇ, ಮೂರು ತಿಂಗಳು ಬಾಡಿಗೆ ಕೊಡದೆ ಕೂತವರಿಂದ ವಸೂಲಿಗೆ ಅದೇ ದಾರಿ.

ಇಂಗ್ಲೆಂಡಿನಲ್ಲಿ ಹೇಗೆ ಶುರುವಾಯ್ತು

ಈ ಥರದ ಮೇಜು ಹಾಕಿ ಕೂರೋ ಕೆಲಸಕ್ಕೆ ಬೇರೆ ಕಡೆ ದೊಡ್ಡ ಇತಿಹಾಸ ಇದೆ. 1939ರ ಸೆಪ್ಟೆಂಬರ್ 3ಕ್ಕೆ ಬ್ರಿಟನ್ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಮಾರನೇ ದಿನವೇ, 4ನೇ ತಾರೀಖು, ಅಲ್ಲಿ 200 ‘ಸಿಟಿಜನ್ಸ್ ಅಡ್ವೈಸ್ ಬ್ಯೂರೋ’ಗಳು ಬಾಗಿಲು ತೆರೆದವು. ಮನೆಯ ಗಂಡಸು ಸೈನ್ಯಕ್ಕೆ ಹೋದ, ಬಾಂಬಿಗೆ ಮನೆ ಬಿತ್ತು, ರೇಷನ್ ಪುಸ್ತಕ ಕಳೆದುಹೋಯ್ತು, ಸಾಲಗಾರ ಬಾಗಿಲಲ್ಲಿ ನಿಂತ. ಹೇಳೋರು ಯಾರು? ಕೂತವರು ಸ್ವಯಂಸೇವಕರು. ಕುದುರೆ ಸಾಗಿಸೋ ಬಂಡಿಯೊಂದನ್ನೇ ಓಡಾಡೋ ಆಫೀಸು ಮಾಡಿಕೊಂಡು ಬಾಂಬು ಬಿದ್ದ ಕಡೆ ಹೋಗ್ತಿದ್ದರು. ಎಂಟು ದಶಕ ದಾಟಿದ ಮೇಲೂ ಅದು ನಡೀತಿದೆ, ಈಗಲೂ ಸಾವಿರಾರು ಸ್ವಯಂಸೇವಕರ ಮೇಲೇ.

ಅಲ್ಲಿನ ಎರಡು ಪದ್ಧತಿ ಇಲ್ಲಿಗೆ ಹೊಂದುತ್ತವೆ. ಒಂದು, ಸ್ವಯಂಸೇವಕ ‘ನೀವು ಹೀಗೇ ಮಾಡಿ’ ಅಂತ ತೀರ್ಪು ಕೊಡಲ್ಲ. ಮುಂದೆ ಇರೋ ದಾರಿಗಳನ್ನ, ಅದರ ಖರ್ಚನ್ನ, ಅದರ ಅಪಾಯವನ್ನ ಬಿಡಿಸಿ ಹೇಳ್ತಾನೆ, ಆರಿಸೋದು ಬಂದವರಿಗೆ ಬಿಟ್ಟದ್ದು. ನಮ್ಮಲ್ಲಿ ಸಲಹೆ ಅಂದ್ರೆ ದೊಡ್ಡವರು ಬುದ್ಧಿ ಹೇಳೋದು ಅನ್ನೋ ಅಭ್ಯಾಸ ಇದೆ. ಗಂಡ ಹೊಡೆದ ಅಂತ ಬಂದ ಹೆಣ್ಣುಮಗಳಿಗೆ ‘ಹೊಂದಿಕೊಂಡು ಹೋಗಮ್ಮ’ ಅನ್ನೋದೂ ಈ ಅಭ್ಯಾಸದಿಂದಲೇ. ತರಬೇತಿ ಅಂತ ಬೇಕಿರೋದು ಕಾಯ್ದೆ ಕಲಿಯೋಕಿಂತ ಹೆಚ್ಚಾಗಿ ಬಾಯಿ ಹಿಡಿದುಕೊಳ್ಳೋದು ಕಲಿಯೋಕೆ.

ಎರಡನೆಯದು ಲೆಕ್ಕದ ಪುಸ್ತಕ. ಯಾರು ಯಾವ ತೊಂದರೆ ಹೊತ್ತು ಬಂದರು ಅಂತ ಹೆಸರು ಹೇಳದೆ ಬರೆದಿಡ್ತಾರೆ. ಒಬ್ಬರ ಅರ್ಜಿ ವಾಪಸ್ ಬಂದರೆ ಅದು ಒಬ್ಬರ ಕಷ್ಟ. ಒಂದೇ ವಾರ್ಡಿನ ನಲವತ್ತು ಅರ್ಜಿ ಒಂದೇ ಕಾರಣಕ್ಕೆ ವಾಪಸ್ ಬಂದರೆ ತಪ್ಪು ಅರ್ಜಿಯದ್ದಲ್ಲ, ಕಚೇರಿಯದ್ದು. ಆ ಪುಸ್ತಕ ಹಿಡಿದು ಅಧಿಕಾರಿ ಮುಂದೆ ನಿಂತರೆ ಮಾತಿಗೆ ತೂಕ ಬರುತ್ತೆ. ಜುಲೈ ನೋಟಿಸ್ ಗಲಾಟೆಯಲ್ಲಿ ಇಂಥದ್ದೊಂದು ಪುಸ್ತಕ ಇದ್ದಿದ್ದರೆ, ತರಕಾರಿ ಮಾರೋರಿಗೂ ನೋಟಿಸ್ ಹೋಗ್ತಿದೆ ಅನ್ನೋದು ಬಂದ್ ಕರೆ ತನಕ ಕಾಯದೆ ಮೊದಲ ವಾರದಲ್ಲೇ ಗೊತ್ತಾಗ್ತಿತ್ತು.

ಜನ ಇದ್ದಾರೆ, ಮೇಜಿಲ್ಲ

ದಕ್ಷಿಣ ಬೆಂಗಳೂರಿಗೆ ಇದು ಆಗದ ಕೆಲಸವೇನಲ್ಲ. ಬ್ಯಾಂಕು, ಎಲ್‌ಐಸಿ, ಕೆಇಬಿ, ಬಿಎಸ್‌ಎನ್‌ಎಲ್‌ನಿಂದ ನಿವೃತ್ತರಾಗಿ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹೊಡೆದು ಬೆಂಚಿನ ಮೇಲೆ ಕೂರೋರು ಪ್ರತಿ ಬ್ಲಾಕಿನಲ್ಲೂ ಇದ್ದಾರೆ. ಫಾರಂ ಅಂದ್ರೆ ಅವರಿಗೆ ನೀರು ಕುಡಿದಂತೆ. ಅರ್ಜಿಯ ಯಾವ ಕಾಲಂನಲ್ಲಿ ಗುಮಾಸ್ತ ತಕರಾರು ತೆಗೀತಾನೆ ಅನ್ನೋದು ಒಂದು ಕಾಲದಲ್ಲಿ ತಾವೇ ತೆಗೆದವರಿಗೆ ಗೊತ್ತಿರುತ್ತೆ. ಬಸವನಗುಡಿಯಲ್ಲಿ ಬಿಎಂಎಸ್ ಕಾನೂನು ಕಾಲೇಜು, ವಿ.ವಿ. ಪುರಂನಲ್ಲಿ ಇನ್ನೊಂದು ಕಾನೂನು ಕಾಲೇಜು ಇವೆ. ಕಾನೂನು ಕಾಲೇಜುಗಳು ಸುತ್ತಲ ಜನರಿಗೆ ಕಾನೂನು ಸೇವಾ ಕ್ಲಿನಿಕ್ ನಡೆಸಬೇಕು ಅನ್ನೋದು ನಿಯಮದಲ್ಲೇ ಇದೆ. ಮೊಬೈಲಿನಲ್ಲಿ ಪೋರ್ಟಲ್ ತೆಗೆಯೋಕೆ ಹುಡುಗರು, ಅನುಭವಕ್ಕೆ ಹಿರಿಯರು, ಒಂದೇ ಮೇಜಿನ ಎರಡು ಕಡೆ.

ತೊಡಕುಗಳೂ ಇವೆ, ಮುಚ್ಚಿಡಬೇಕಿಲ್ಲ. 2013ರ ಯೋಜನೆ ಪಿಎಲ್‌ವಿಗಳಿಗೆ ಸೂಚಿಸಿದ ಗೌರವಧನ ದಿನಕ್ಕೆ 250 ರೂಪಾಯಿ, ಅದೂ ಕೆಲಸಕ್ಕೆ ಕರೆದ ದಿನಕ್ಕೆ ಮಾತ್ರ. ಆಮೇಲೆ ಹಲವು ರಾಜ್ಯಗಳು ಏರಿಸಿವೆ. ಏರಿಸಿದರೂ ಬಿಟಿಎಂನಲ್ಲಿ ಬಾಡಿಗೆ ಕಟ್ಟೋ ಹುಡುಗನಿಗೆ ಅದು ಆಟೋ, ಊಟಕ್ಕೆ ಸರಿಹೋಗುತ್ತೆ. ಪಿಂಚಣಿ ಇರೋರು ಮಾಡಬಹುದು, ದುಡಿದು ತಿನ್ನೋರು ಎಷ್ಟು ದಿನ ಮಾಡ್ತಾರೆ? ಡೆಲಿವರಿ ಹುಡುಗನೊಬ್ಬ ಅರ್ಧ ದಿನ ಆ್ಯಪ್ ಆಫ್ ಮಾಡಿ ಬಂದು ಕೂತರೆ ಅವನ ನಷ್ಟ ಕೊಡೋರ್ಯಾರು? ಸೇವೆ ಅನ್ನೋ ಮಾತಿನ ಹಿಂದೆ ಈ ಲೆಕ್ಕ ಮರೆಯಾಗುತ್ತೆ. ಮನೆಕೆಲಸದ ಹೆಂಗಸರು, ಬೀದಿ ವ್ಯಾಪಾರಿಗಳು ತಮ್ಮವರೇ ಆದ ಪಿಎಲ್‌ವಿ ಬೇಕು ಅಂದ್ರೆ ಗೌರವಧನದ ಪ್ರಶ್ನೆಗೆ ಉತ್ತರ ಸಿಗಲೇಬೇಕು.

ಇನ್ನೊಂದು ಮಿತಿ ಅಂಗಡಿಯವರು ತಿಳಿದಿರಬೇಕಾದ್ದು. ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಎಲ್ಲರಿಗೂ ಸಿಗಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರೋರು, ವಿಪತ್ತಿಗೆ ಸಿಕ್ಕವರು, ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ವಾರ್ಷಿಕ ಆದಾಯದ ಮಿತಿ ಇದೆ. ಜಿಎಸ್‌ಟಿ ನೋಟಿಸ್ ಬಂದ ಅಂಗಡಿ ಮಾಲೀಕ ‘ನನ್ನ ಕೇಸು ನಡೆಸಿಕೊಡಿ’ ಅಂದ್ರೆ ಬಹುಶಃ ಆಗಲ್ಲ. ನೋಟಿಸ್ ಓದಿ, ಇದು ಯಾವ ಹಂತ, ಗಡುವು ಯಾವತ್ತು, ಅಕೌಂಟೆಂಟ್ ಹತ್ತಿರ ಯಾವ ಕಾಗದ ಹಿಡಿದು ಹೋಗಬೇಕು ಅನ್ನೋಷ್ಟು ಹೇಳಿದರೂ ಅಂಗಡಿಯವರ ಅರ್ಧ ಖರ್ಚು, ಮುಕ್ಕಾಲು ಭಯ ಕಮ್ಮಿ ಆಗುತ್ತೆ. ಕರೆಂಟು, ನೀರು, ಇನ್ಶೂರೆನ್ಸ್, ಆಸ್ಪತ್ರೆ, ಅಂಚೆ, ಸಾರಿಗೆ ಇಂಥ ಸಾರ್ವಜನಿಕ ಸೇವೆಯ ತಕರಾರಿದ್ದರೆ ಖಾಯಂ ಜನತಾ ನ್ಯಾಯಾಲಯ ಇದೆ, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು, ಒಂದು ಕೋಟಿ ತನಕದ ವ್ಯಾಜ್ಯ ತಗೋತಾರೆ. ಬೆಂಕಿ ಬಿದ್ದ ಅಂಗಡಿಯ ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರ ಆಗಿ ಕೂತಿರೋ ವ್ಯಾಪಾರಿಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಜಾಗದ ಪ್ರಶ್ನೆಗೆ ಉತ್ತರ ಹುಡುಕೋಕೆ ಹೊಸ ಕಟ್ಟಡ ಬೇಕಿಲ್ಲ. ಬಡಾವಣೆಯ ಸಾರ್ವಜನಿಕ ಗ್ರಂಥಾಲಯ, ದೇವಸ್ಥಾನದ ಪಕ್ಕದ ಸಮುದಾಯ ಭವನ, ವರ್ತಕರ ಸಂಘದ ಕೋಣೆ, ಯಾವುದಾದರೂ ಆದೀತು. ವಾರಕ್ಕೆ ಎರಡು ಗಂಟೆ, ಅದೇ ದಿನ, ಅದೇ ಹೊತ್ತು ಇರಬೇಕು. ಒಂದು ಶನಿವಾರ ಶಿಬಿರ ಮಾಡಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಹೋದರೆ ಪ್ರಯೋಜನ ಇಲ್ಲ. ಮುಂದಿನ ಶನಿವಾರ ಉತ್ತರ ಬರೆಸಿಕೊಳ್ಳೋಕೆ ಬಂದವರಿಗೆ ಬಾಗಿಲು ತೆರೆದಿರಬೇಕು.

ಪಿಎಲ್‌ವಿ ಆಗಬೇಕು ಅನ್ನೋರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕಾಲಕಾಲಕ್ಕೆ ಅರ್ಜಿ ಕರೆಯುತ್ತೆ. ಸಲಹೆ ಬೇಕಾದವರು ರಾಷ್ಟ್ರೀಯ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು, ಹಿರಿಯ ನಾಗರಿಕರು 1090 ಅಥವಾ 14567ಕ್ಕೆ. ಹೋಗುವಾಗ ಬಂದಿರೋ ನೋಟಿಸು, ಅದು ಕೈಗೆ ಸಿಕ್ಕಿದ ತಾರೀಖು ಬರೆದ ಲಕೋಟೆ, ಎರಡನ್ನೂ ತಗೊಂಡು ಹೋಗಿ. ಗಡುವಿನ ಲೆಕ್ಕ ಆ ತಾರೀಖಿನಿಂದ ಶುರುವಾಗೋದೇ ಹೆಚ್ಚು, ಆದ್ರೆ ಜನ ಮೊದಲು ಬಿಸಾಡೋದು ಲಕೋಟೆಯನ್ನೇ.